ಹಿಮದ ನಾಡಿನಲ್ಲಿ ನಮ್ಮ ಅಂಜೂರ

ನಮ್ಮ ಪ್ರೀತಿಯ ಹೈಸ್ಕೂಲಿನ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯರಿಂದ ಕಾಗದ ಬಂದಾಗ, ಅಕ್ಕತಂಗಿಯರಾದ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಅಮೇರಿಕಾ ದೇಶದ ನ್ಯೂಜರ್ಸಿ ಪ್ರಾಂತದಲ್ಲಿ ಒಂದೇ ಮನೆಯಲ್ಲಿ ವಾಸವಾಗಿರುವ ನಮಗೆ ಹೇಳಿಕೊಳ್ಳತಕ್ಕ ಸಾಧನೆ ಯಾವುದೂ ಇಲ್ಲ. ಆದರೆ ಹತ್ತು ವರ್ಷಗಳಿಂದ ಅಂಜೂರದ ಗಿಡಗಳನ್ನು ಸಾಕುತ್ತಿದ್ದೇವೆ. ಅದರಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು; ಆದಾಗ್ಯೂ ಅದನ್ನೇ ಬರೆಯುವುದೆಂದು ನಿಶ್ಚಯಿಸಿದೆವು.

ಇದಕ್ಕೆ ಕಾರಣರು ನಮ್ಮ ತಾಯಿಯವರು. ತಂದೆಯವರು ತೀರಿಕೊಂಡ ಬಳಿಕ ಅವರು ಮೈಸೂರಿನಿಂದ ನಮ್ಮಲ್ಲಿಗೆ ಬಂದರು. ಇಲ್ಲಿಯ ಅಂಗಡಿಯಿಂದ ಒಂದು ದಿನ ಪೆಟ್ಟಿಗೆಯಲ್ಲಿಟ್ಟ ಅಂಜೂರವನ್ನು ತಂದುಕೊಟ್ಟೆವು. ಒಂದನ್ನು ಕಚ್ಚಿ, ಉಳಿದುದನ್ನು ತಟ್ಟೆಯಲ್ಲಿಟ್ಟು, “ಇದು ಅಂಜೂರವಲ್ಲ, ಒದ್ದೆ ಹತ್ತಿ” ಎಂದರು. ಅವರ ಬಾಲ್ಯದಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನ ಅಂಜೂರಗಳು ಎಲೆ ಹಾಸಿದ ಬುಟ್ಟಿಯಲ್ಲಿ ಮನೆಯ ಬಾಗಿಲಿಗೆ ಬರುತ್ತಿದ್ದವಂತೆ. ತಾಯಿಯವರ ಮಾತು ಕಠಿಣವಾದರೂ ಅನ್ಯಾಯವಾದುದಲ್ಲ. ಅಂಜೂರವು ಕಿತ್ತ ಮೇಲೆ ಮಾಗುವ ಹಣ್ಣಲ್ಲ; ದೂರಕ್ಕೆ ಸಾಗಿಸಬೇಕೆಂದು ಗಟ್ಟಿಯಾಗಿರುವಾಗಲೇ ಕಿತ್ತರೆ ಅದು ಮೆತ್ತಗಾಗುವುದೇ ಹೊರತು ಸಿಹಿಯಾಗುವುದಿಲ್ಲ. ಕುತ್ತಿಗೆ ಬಾಗಿ, ಸಿಪ್ಪೆ ಬಿರಿದು, ಕೆಳಗಣ ಕಣ್ಣಿನಲ್ಲಿ ಜೇನಿನಂತಹ ಹನಿಯೊಂದು ನಿಂತಾಗಲೇ ಕೀಳಬೇಕು. ಒಳ್ಳೆಯ ಅಂಜೂರವು ಬೇಕಾದವರಿಗೆ ಮನೆಯಲ್ಲಿ ಮರವಿರಬೇಕು.

ಆದರೆ ಇದು ಚಳಿಯ ದೇಶ. ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಮಾನವು ಸೊನ್ನೆಗಿಂತ 15 ಸೆಂಟಿಗ್ರೇಡ್ ಡಿಗ್ರಿ ಕೆಳಗಿಳಿಯುವುದುಂಟು. ಅಂಜೂರದ ಕೊಂಬೆಯಾದರೋ ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗೆ ಹೋದರೆ ಸಾಯತೊಡಗುತ್ತದೆ. ಹೀಗಿದ್ದರೂ ನೆರೆಮನೆಯ ಇಟಲಿಯ ವೃದ್ಧರೊಬ್ಬರ ಹಿತ್ತಿಲಿನಲ್ಲಿ ಅಂಜೂರದ ಮರವಿತ್ತು! ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲಿಗೂ ಇಟಲಿಯಿಂದ ಈ ಕಡೆಗೆ ವಲಸೆ ಬಂದ ಜನರು ತಮ್ಮೂರಿನ ಅಂಜೂರದ ಕಡ್ಡಿಗಳನ್ನೂ ತಂದಿದ್ದರು. ಆ ವೃದ್ಧರು ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ಒಂದು ಪಕ್ಕದ ಬೇರುಗಳನ್ನು ಕತ್ತರಿಸಿ, ಮರವನ್ನು ಮೆಲ್ಲನೆ ಹೊಂಡದೊಳಗೆ ಬಾಗಿಸಿ, ಹಲಗೆ, ಒಣಗಿದೆಲೆ, ಮಣ್ಣುಗಳಿಂದ ಮುಚ್ಚಿಬಿಡುವರು; ಏಪ್ರಿಲಿನಲ್ಲಿ ಎತ್ತಿ ನಿಲ್ಲಿಸುವರು. ಮೊದಲನೆಯ ಸಲ ಇದನ್ನು ಕಿಟಕಿಯಿಂದ ಕಂಡ ತಾಯಿಯವರು, ಏನನ್ನೋ ಹೂಳುತ್ತಿದ್ದಾರೆಂದು ಭಯಪಟ್ಟರು. ಬಳಿಕ ಅವರಿಬ್ಬರಿಗೂ, ಭಾಷೆ ಬಾರದಿದ್ದರೂ, ಬೇಲಿಯ ಮೇಲಣ ಸ್ನೇಹ ಬೆಳೆಯಿತು. ಅವರು ಕೊಟ್ಟ ಎರಡು ಕಡ್ಡಿಗಳು ನಮ್ಮಲ್ಲಿ ಬೇರುಬಿಟ್ಟವು. ಜಾತಿಯ ಹೆಸರನ್ನು ಕೇಳಿದರೆ, “ನನ್ನ ತಂದೆಯದು” ಎಂದಷ್ಟೇ ಹೇಳಿದರು.

ಅಷ್ಟಕ್ಕೆ ತೃಪ್ತಿಪಡದೆ ನಾವು ಹೆಸರುವಾಸಿಯಾದ ಜಾತಿಗಳನ್ನು ಕೊಳ್ಳತೊಡಗಿದೆವು. ‘ಬ್ಲ್ಯಾಕ್ ಮಿಶನ್’ ಎಂಬುದನ್ನು ಹೆಸರಿಗೆ ಮರುಳಾಗಿಯೇ ತಂದೆವೆಂದು ಒಪ್ಪಿಕೊಳ್ಳುತ್ತೇವೆ; ಮಿಶನ್ ಶಾಲೆಯ ಹುಡುಗಿಯರಲ್ಲವೇ! ಕ್ಯಾಲಿಫೋರ್ನಿಯದಲ್ಲಿ 1769ರಿಂದ ಮಠಗಳನ್ನು ಕಟ್ಟಿದ ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳಿಂದ ಆ ಹೆಸರು ಬಂದಿತು. ಆದರೆ ಅದಕ್ಕೆ ದೀರ್ಘವಾದ ಬೇಸಿಗೆ ಬೇಕು. ನಮ್ಮಲ್ಲಿ ಮಾಗುವ ಮೊದಲೇ ಹಿಮ ಬಿದ್ದಿತು. ‘ಬ್ರೌನ್ ಟರ್ಕಿ’ ಧಾರಾಳವಾಗಿ ಫಲಿಸಿದರೂ ಮಳೆಯ ವರ್ಷದಲ್ಲಿ ಸಪ್ಪೆ. ‘ಸೆಲೆಸ್ಟ್’ ಗೋಲಿಗಿಂತ ಕೊಂಚ ದೊಡ್ಡದು, ಆದರೆ ಜೇನು. ಅದರ ಕಣ್ಣು ಮುಚ್ಚಿಕೊಂಡಿರುವುದರಿಂದ ಮಳೆನೀರೂ ಇರುವೆಯೂ ಒಳಗೆ ಸೇರುವುದಿಲ್ಲ. ‘ವಿಯೊಲೆಟ್ ದ ಬೋರ್ಡೊ’ ಕಪ್ಪು ಸಿಪ್ಪೆಯ, ಕೆಂಪು ತಿರುಳಿನ ಚಿಕ್ಕ ಹಣ್ಣು. ಸಿಹಿಯೊಡನೆ ನೇರಿಳೆಯಂತೆ ಹುಳಿಯ ಒಂದೆಳೆಯೂ ಇರುವುದು. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಸಮವಾದುದಿಲ್ಲ. ತಾಯಿಯವರು ಮಾತ್ರ “ಲೇಹ್ಯ” ಎಂದು ಹೇಳಿ, ನಾಲ್ಕನ್ನು ತಿಂದರು.

ಇನ್ನೊಂದು ಗಿಡದ ವಿಷಯವನ್ನೂ ಹೇಳಬೇಕು. ಒಬ್ಬ ವರ್ತಕರು ಬಹಳ ಹೊಗಳಿ ಮಾರಿದ ಅದು, ಎರಡು ಬೇಸಿಗೆ ಕಾಯಿ ಕಚ್ಚಿ, ಕಾಯಿ ಗೋಲಿಯಷ್ಟಾಗುತ್ತಲೇ ಎಲ್ಲವನ್ನೂ ಉದುರಿಸಿಬಿಟ್ಟಿತು. ವಿಚಾರಿಸಿದಾಗ ಅದು ಸ್ಮರ್ನಾ ಜಾತಿಯದೆಂದು ತಿಳಿಯಿತು. ಅಂಜೂರದ ಹೂವುಗಳು ಕಾಯಿಯೊಳಗೇ ಅಡಗಿರುವವು. ಸಾಮಾನ್ಯ ಜಾತಿಗಳು ಪರಾಗವಿಲ್ಲದೆಯೇ ಹಣ್ಣಾಗುತ್ತವೆ. ಸ್ಮರ್ನಾ ಜಾತಿಗಾದರೋ, ಕಾಡು ಅಂಜೂರದಲ್ಲಿ ಹುಟ್ಟುವ ಸಣ್ಣ ಕಣಜವೊಂದು ಕಣ್ಣಿನ ಮೂಲಕ ನುಗ್ಗಿ ಪರಾಗವನ್ನು ತಂದುಕೊಡಲೇಬೇಕು. ಕ್ಯಾಲಿಫೋರ್ನಿಯದವರೂ ಇದೇ ತೊಂದರೆಗೆ ಸಿಕ್ಕಿ, ಆ ಕಣಜವನ್ನು ತರಿಸಿ, 1899ರಲ್ಲಿ ಫ್ರೆಸ್ನೊ ಎಂಬಲ್ಲಿ ಜಾರ್ಜ್ ರೋಡಿಂಗ್ ಎಂಬವರ ತೋಟದಲ್ಲಿ ನೆಲೆಗೊಳಿಸಿದರು. ನಮ್ಮ ಚಳಿಯಲ್ಲಿ ಅದು ಬದುಕದು. ಇದೆಲ್ಲವನ್ನೂ ವಿವರಿಸಲು, “ಅತ್ತಿಹಣ್ಣನ್ನು ಬಿಡಿಸಿದರೆ ಹುಳವೆಂದು ನಮ್ಮಜ್ಜಿಗೆ ಗೊತ್ತಿತ್ತು, ಅದಕ್ಕೆ ಹಣ ಕೊಟ್ಟಿರಲಿಲ್ಲ” ಎಂದರು ತಾಯಿ.

ಮೂರನೆಯ ಚಳಿಗಾಲದಲ್ಲಿ ನಾವು ದೊಡ್ಡ ತಪ್ಪನ್ನು ಮಾಡಿದೆವು. ಕುಂಡದ ಗಿಡಗಳನ್ನು ಎಲೆ ಉದುರಿದ ಮೇಲೆ ಮೋಟಾರುಖಾನೆಯ ಕತ್ತಲೆಯಲ್ಲಿಟ್ಟು, ತಿಂಗಳಿಗೊಮ್ಮೆ ಸ್ವಲ್ಪ ನೀರು ಕೊಟ್ಟರೆ ಸಾಕು, ನಿದ್ರಿಸಿಕೊಂಡಿರುತ್ತವೆ. ಆ ವರ್ಷ ಅಲ್ಲಿ ಸಾಮಾನು ತುಂಬಿತ್ತು. ‘ನಾಳೆ ಒಳಗಿಡೋಣ’ ಎನ್ನುತ್ತಾ, ಆರು ಕುಂಡಗಳಿಗೂ ಕಂಬಳಿ ಸುತ್ತಿ ಅಂಗಳದಲ್ಲಿಯೇ ಬಿಟ್ಟೆವು. ನೆಲದಲ್ಲಿರುವ ಬೇರಿಗೆ ಭೂಮಿಯ ಬೆಚ್ಚಗೆ ಉಂಟು. ಕುಂಡದ ಬೇರಿಗೆ ನಾಲ್ಕು ಕಡೆಯಿಂದಲೂ ಚಳಿ. ಮೇ ತಿಂಗಳಿನಲ್ಲಿ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದೆವು. ಹಸಿರು ಎಲ್ಲಿಯೂ ಇಲ್ಲ, ಎಲ್ಲವೂ ಕಂದು. ಪ್ರತಿದಿನ ಅವುಗಳಿಗೆ ನೀರೆರೆದಿದ್ದ ತಾಯಿಯವರು ನಮ್ಮನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು.

ವೃದ್ಧರು ಕೊಟ್ಟ ಕಡ್ಡಿಗಳಲ್ಲಿ ಒಂದು ಮಾತ್ರ ದಕ್ಷಿಣದ ಗೋಡೆಯ ಬುಡದಲ್ಲಿ, ನೆಲದಲ್ಲಿ ನೆಟ್ಟದ್ದಾಗಿತ್ತು. ಅದರ ಮೇಲ್ಭಾಗವೂ ಸತ್ತಿತ್ತು. ಜೂನ್ ಆರಂಭದಲ್ಲಿ ಮಣ್ಣಿನಿಂದ ಮೂರು ಚಿಗುರುಗಳು ಮೇಲೆದ್ದವು. ಅದನ್ನು ಹೇಳಲು ಬೇಲಿಯ ಬಳಿಗೆ ಹೋದ ತಾಯಿಯವರಿಗೆ, ವೃದ್ಧರು ಆಸ್ಪತ್ರೆಯಲ್ಲಿದ್ದಾರೆಂದು ತಿಳಿಯಿತು. ಅವರು ಮನೆಗೆ ಮರಳಲಿಲ್ಲ. ಮನೆಯನ್ನು ಕೊಂಡವರು ಹಿತ್ತಿಲಿಗೆ ಹುಲ್ಲು ಹಾಸಿದರು, ಮರವು ಉಳಿಯಲಿಲ್ಲ.

ಈಗ ನಮ್ಮ ಮರವು ಗೋಡೆಯೆತ್ತರವಾಗಿದೆ. ಚಿಗುರಿಗೆ ಐದಾರು ಎಲೆ ಬಂದಾಗ ತುದಿಯನ್ನು ಚಿವುಟುತ್ತೇವೆ. ಇದರಿಂದ ಕಾಯಿ ಬೇಗ ಕಚ್ಚುವುದು. ಆಗ ಒಸರುವ ಹಾಲು ಚರ್ಮಕ್ಕೆ ತಗಲಿ ಬಿಸಿಲು ಬಿದ್ದರೆ ಬೊಕ್ಕೆಯೇಳುವುದಾದ್ದರಿಂದ ಕೈಚೀಲ ಹಾಕಿಕೊಳ್ಳಬೇಕು; ನಾವು ಹಾಕಿಕೊಳ್ಳದೆ ಕಲಿತೆವು.

ತಾಯಿಯವರಿಗೆ ಈಗ ನೆನಪು ಕುಂದಿದೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಮರೆಯುತ್ತದೆ. ನಮ್ಮ ಹೆಸರುಗಳೂ ಒಮ್ಮೊಮ್ಮೆ ಅದಲುಬದಲಾಗುತ್ತವೆ. ಹೋದ ಸೆಪ್ಟೆಂಬರಿನ ಒಂದು ಸಂಜೆ, ಬಿಸಿಲಿಗೆ ಇನ್ನೂ ಬೆಚ್ಚಗಿದ್ದ ಒಂದು ಹಣ್ಣನ್ನು ಸೀಳಿ ಅವರ ಕೈಯಲ್ಲಿಟ್ಟೆವು. ನಿಧಾನವಾಗಿ ತಿಂದು, ಬೆರಳನ್ನೂ ಚೀಪಿ, “ಗಂಜಾಮಿನದು. ಬುಟ್ಟಿಯವನು ಬಂದಿದ್ದನೇ?” ಎಂದು ಕೇಳಿದರು. ಹತ್ತು ವರ್ಷ ನಮ್ಮ ಒಂದು ಹಣ್ಣಿಗೂ ಆ ಹೆಸರನ್ನು ಕೊಡದಿದ್ದವರು! ಹಣ್ಣಿನ ರುಚಿಯಿಂದ ಹೇಳಿದರೋ, ಮರೆವಿನಿಂದ ಹೇಳಿದರೋ ನಾವು ಬಿಡಿಸಿ ನೋಡಲಿಲ್ಲ. ಬಂದಿದ್ದನೆಂದೆವು.

ಅಕ್ಟೋಬರಿನಲ್ಲಿ ಹಿಮದ ಸೂಚನೆ ಬಂದಾಗ ಮರದಲ್ಲಿ ನೂರಕ್ಕೂ ಮೇಲೆ ಹಸಿರು ಕಾಯಿಗಳಿದ್ದವು. ಅವನ್ನು ಕೊಯ್ದು, ಹಾಲಿನ ಒಗರು ಹೋಗುವಂತೆ ಮೂರು ಸಲ ಕುದಿಸಿ ನೀರು ಬಸಿದು, ಸಕ್ಕರೆಯ ಪಾಕದಲ್ಲಿ ಹಾಕಿಟ್ಟೆವು. ಪಾಕದ ಎಳೆಯನ್ನು ಎರಡು ಬೆರಳಿನ ನಡುವೆ ಪರೀಕ್ಷಿಸಿದವರು ತಾಯಿಯವರೇ. ಅದನ್ನು ಅವರು ಮರೆತಿಲ್ಲ. ಆರು ಭರಣಿಗಳಾದವು. ಮರಕ್ಕೆ ಹೊಂಡ ತೋಡುವ ಕೆಲಸ ಇನ್ನೂ ಉಳಿದಿದೆ, ಈ ಶನಿವಾರ ಗುದ್ದಲಿಯನ್ನು ಹುಡುಕಬೇಕು.