ಹೋಟೆಲೇ ಒಂದು ದ್ವೀಪ

ಚೌಕಾಬಾರ ಆಡಿದವರಿಗೆಲ್ಲ ಕವಡೆ ಗೊತ್ತು. ಅಂಗೈಯಲ್ಲಿ ಕುಲುಕಿ ಬಿಟ್ಟ ಕವಡೆಗಳು ಚೌಕವೋ ಬಾರವೋ ಆಗಿ ಬಿದ್ದಾಗ ಕೇಕೆ ಹಾಕಿದವರಲ್ಲಿ ಅವು ಎಲ್ಲಿಂದ ಬಂದವು ಎಂದು ಯೋಚಿಸಿದವರು ಕಡಿಮೆ. ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಓಡಾಡಿದ ಕವಡೆಗಳ ದೊಡ್ಡ ಪಾಲು ಹುಟ್ಟಿದ್ದು ಮಾಲ್ಡೀವ್ಸ್ ದ್ವೀಪಗಳ ಸುತ್ತಣ ಆಳವಿಲ್ಲದ ನೀರಿನಲ್ಲಿ. ಅಲ್ಲಿಂದ ಹಡಗೇರಿದ ಕವಡೆ ಬಂಗಾಳದಲ್ಲಿ, ದೂರದ ಪಶ್ಚಿಮ ಆಫ್ರಿಕದಲ್ಲಿ ನಾಣ್ಯವಾಗಿ ಚಲಾವಣೆಯಲ್ಲಿತ್ತು. ನಮ್ಮ ಹೊನ್ನಾವರದಲ್ಲಿ ತಂಗಿದ್ದ ಮೊರಾಕೊದ ಯಾತ್ರಿಕ ಇಬ್ನ್ ಬತೂತ 1343ರ ಸುಮಾರಿಗೆ ಈ ದ್ವೀಪಗಳಿಗೆ ಹೋಗಿ ಅಲ್ಲಿ ಖಾಜಿಯಾಗಿಯೂ ಕೆಲಸ ಮಾಡಿದ. ಕವಡೆಯ ವ್ಯಾಪಾರದ ಬಗ್ಗೆ ಬರೆದಿಟ್ಟ.

'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುವುದು ನಮ್ಮ ಮಾತು. ಆದರೆ ಕವಡೆಯ ಆ ನಾಡಿನಲ್ಲಿ ಇಂದು ಒಂದು ರಾತ್ರಿಗೆ ಲಕ್ಷ ರೂಪಾಯಿ ಕೇಳುವ ಹೋಟೆಲುಗಳಿವೆ. ಬೆಂಗಳೂರಿನಿಂದ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆಯ ದಾರಿ. ಮಕ್ಕಳ ಪರೀಕ್ಷೆ ಮುಗಿದದ್ದು, ಅಪ್ಪ ಅಮ್ಮನ ಮದುವೆಗೆ ಇಪ್ಪತ್ತೈದು ತುಂಬಿದ್ದು, ಹೀಗೆ ನೆಪ ಯಾವುದೇ ಇರಲಿ, ಮಧ್ಯಮ ವರ್ಗದ ಮನೆಗಳಲ್ಲೂ ಈಗ ಮಾಲ್ಡೀವ್ಸ್‌ನ ಹೆಸರು ಕೇಳುತ್ತದೆ. ನಾಲ್ಕಾರು ವರ್ಷದ ಉಳಿತಾಯ ನಾಲ್ಕು ದಿನದಲ್ಲಿ ಕರಗುವ ವಿಷಯ ಇದು. ಹಾಗಿದ್ದೂ ಹೋಟೆಲನ್ನು ಆರಿಸುವುದು ಚಿತ್ರ ನೋಡಿ! ಚಿತ್ರಗಳೋ, ಎಲ್ಲವೂ ಒಂದೇ ಅಚ್ಚು: ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆ ಕಂಬ ಊರಿ ನಿಂತ ಹುಲ್ಲು ಮಾಡಿನ ಕೋಣೆ.

ಮೈಸೂರಿನಲ್ಲೋ ಊಟಿಯಲ್ಲೋ ಹೋಟೆಲು ಸರಿ ಬರಲಿಲ್ಲವೆಂದರೆ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಬೀದಿಗೆ ಹೋಗಬಹುದು. ಊಟ ಹಿಡಿಸದಿದ್ದರೆ ಎದುರಿನ ಖಾನಾವಳಿ ಇದೆ. ಮಾಲ್ಡೀವ್ಸ್‌ನಲ್ಲಿ ಪಕ್ಕದ ಬೀದಿಯೇ ಇಲ್ಲ. ಅಲ್ಲಿನ ರಿವಾಜು ಒಂದು ದ್ವೀಪಕ್ಕೆ ಒಂದು ಹೋಟೆಲು. ನೀರು, ವಿದ್ಯುತ್ತು, ಅಡುಗೆ, ವೈದ್ಯರು, ದೋಣಿ ಎಲ್ಲವೂ ಆ ಹೋಟೆಲಿನದೇ. ಆದ್ದರಿಂದ ಅಲ್ಲಿ ಕೋಣೆಗಿಂತ ಮೊದಲು ದ್ವೀಪವನ್ನು ಆರಿಸಬೇಕು. ದ್ವೀಪವನ್ನು ಆರಿಸಲು ಅದು ಏನೆಂದು ತಿಳಿದಿರಬೇಕು.

ಎರೆಮಣ್ಣಿನ ನೆಂಟ

ಭೂಗೋಳ ಓದುವ ಮಕ್ಕಳು ಇಲ್ಲಿ ಕಿವಿಗೊಡಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನ ಒಂದು ಬಿಸಿ ತಾಣದಿಂದ ಉಕ್ಕಿದ ಲಾವಾ ದಖನ್ ಪ್ರಸ್ಥಭೂಮಿಯನ್ನು ಹಾಸಿತು. ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿ ಆ ಕಪ್ಪು ಕಲ್ಲು ಸವೆದು ಆದದ್ದು. ಭಾರತವನ್ನು ಹೊತ್ತ ಭೂಫಲಕ ಉತ್ತರಕ್ಕೆ ಸರಿಯುತ್ತಿದ್ದಂತೆ ಅದೇ ಬಿಸಿ ತಾಣ ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳ ಸಾಲೊಂದನ್ನು ಎಬ್ಬಿಸಿತು. ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಬುನಾದಿ ಆ ಸಾಲು. ಆ ತಾಣ ಈಗ ಮಡಗಾಸ್ಕರದ ಪೂರ್ವಕ್ಕಿರುವ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ಜೋಳ ಬೆಳೆಯುವ ಕಪ್ಪು ಮಣ್ಣಿಗೂ ಹವಳದ ಬಿಳಿ ದ್ವೀಪಕ್ಕೂ ಹೀಗೊಂದು ನೆಂಟಸ್ತಿಕೆ.

ಜ್ವಾಲಾಮುಖಿ ತಣ್ಣಗಾಗಿ ಮೆಲ್ಲಮೆಲ್ಲನೆ ಮುಳುಗಿತು. ಅದರ ಅಂಚಿಗೆ ಅಂಟಿಕೊಂಡಿದ್ದ ಹವಳದ ಜೀವಿಗಳು ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತ ಹೋದವು. ಬೆಟ್ಟ ಮುಳುಗಿ ಹವಳದ ಉಂಗುರವಷ್ಟೇ ಉಳಿಯಿತು. ಹವಳದ ಉಂಗುರಗಳು ಹುಟ್ಟುವ ಬಗೆಯನ್ನು ಹೀಗೆ ವಿವರಿಸಿ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪುಸ್ತಕವನ್ನೇ ಬರೆದ. ಇಂಥ ಉಂಗುರಕ್ಕೆ ಜಗತ್ತೆಲ್ಲ ಹೇಳುವ 'ಅಟಾಲ್' ಎಂಬ ಹೆಸರು ಮಾಲ್ಡೀವ್ಸ್‌ನ ಧಿವೇಹಿ ಭಾಷೆಯ ಮಾತು. ಅಂಥ ಉಂಗುರಗಳ ಮೇಲೆ ಕೂತ 1,192 ದ್ವೀಪಗಳ ದೇಶವಿದು. ಜನವಸತಿ ಇರುವುದು ಸುಮಾರು 200 ದ್ವೀಪಗಳಲ್ಲಿ. ಎಲ್ಲ ನೆಲ ಕೂಡಿಸಿದರೆ 300 ಚದರ ಕಿಲೋಮೀಟರು. ದೇಶದ ಅತಿ ಎತ್ತರದ ಸಹಜ ನೆಲ ನಮ್ಮ ಒಂದು ಮಾಮೂಲಿ ಮನೆಯ ಸೂರಿನಷ್ಟೂ ಎತ್ತರವಿಲ್ಲ. ಚಿತ್ರದಲ್ಲಿ ಕಣ್ಣು ಸೆಳೆಯುವ ಬಿಳಿ ಮರಳಿನ ಬಹುಪಾಲು, ಗಿಳಿಮೀನುಗಳು ಹವಳದ ಕಲ್ಲನ್ನು ಕೆರೆದು ತಿಂದು, ಅರೆದು ಹೊರಹಾಕಿದ ಪುಡಿ.

ಆ ಮರಳು ಒಂದು ಕಡೆ ನಿಲ್ಲುವುದೂ ಇಲ್ಲ. ನೈರುತ್ಯ ಮಾರುತ ಬೀಸುವಾಗ ದ್ವೀಪದ ಪಶ್ಚಿಮದಂಚಿನ ಮರಳು ಸುತ್ತಿ ಪೂರ್ವಕ್ಕೆ ಸೇರುತ್ತದೆ. ಈಶಾನ್ಯ ಮಾರುತದಲ್ಲಿ ಮರಳಿ ಪಶ್ಚಿಮಕ್ಕೆ. ಡಿಸೆಂಬರಿನ ಚಿತ್ರದಲ್ಲಿ ಅಗಲವಾಗಿ ಹಾಸಿದ್ದ ದಂಡೆ ಜುಲೈಯಲ್ಲಿ ಹೋದವರಿಗೆ ಮೊಳದಷ್ಟೂ ಸಿಗದಿರಬಹುದು. ಆದ್ದರಿಂದ ಹೋಟೆಲಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ: 'ನಾವು ಬರುವ ತಿಂಗಳಲ್ಲಿ ನಮ್ಮ ಕೋಣೆಯ ಮುಂದೆ ಮರಳು ಇರುತ್ತದೆಯೇ?'

ಆಟೋ ಅಲ್ಲ, ದೋಣಿ

ಮಾಲೆಯ ವಿಮಾನ ನಿಲ್ದಾಣವೇ ಒಂದು ದ್ವೀಪ. ಹೊರಬಾಗಿಲು ದಾಟಿದರೆ ಎದುರಿಗೆ ದೋಣಿಕಟ್ಟೆ. ಅಲ್ಲಿನ ಸಾಂಪ್ರದಾಯಿಕ ದೋಣಿಗೆ ಅವರೂ 'ದೋನಿ' ಎನ್ನುತ್ತಾರೆ. ಕನ್ನಡಿಗರು ಅರ್ಥ ಕೇಳಬೇಕಿಲ್ಲ. ಹತ್ತಿರದ ದ್ವೀಪಗಳಿಗೆ ವೇಗದ ಮೋಟಾರು ದೋಣಿ ಹೋಗುತ್ತದೆ. ದೂರದವಕ್ಕೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ. ಬರಿಗಾಲಿನ ಪೈಲಟ್, ಹದಿನೈದರಷ್ಟು ಸೀಟು, ಕಿಟಕಿಯ ಕೆಳಗೆ ಒಂದರ ಪಕ್ಕ ಒಂದು ಹಸಿರು ಬಿಲ್ಲೆಗಳು. ಆ ಹಾರಾಟವನ್ನು ಮಕ್ಕಳು ಮರೆಯಲಾರರು.

ಆದರೆ ಆ ವಿಮಾನ ಹಾರುವುದು ಹಗಲು ಬೆಳಕಿನಲ್ಲಿ ಮಾತ್ರ. ಸಂಜೆ ಮಾಲೆಗೆ ಇಳಿದವರು ಆ ರಾತ್ರಿಯನ್ನು ಅಲ್ಲೇ ಕಳೆಯಬೇಕು. ಅತ್ತ ಹೋಟೆಲಿನ ಬಾಡಿಗೆ ಸುಮ್ಮನೆ ಓಡುತ್ತಿರುತ್ತದೆ. ಹೋಗಿ ಬರಲು ತಲೆಗೆ 400 ಡಾಲರಿಗೂ ಮೇಲಾಗುವುದು ಸಾಮಾನ್ಯ. ಕೋಣೆಯ ಬೆಲೆಯಲ್ಲಿ ಇದು ಬಹಳ ಸಲ ಸೇರಿರುವುದಿಲ್ಲ.

ಹಣಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಜ್ಜಿಗೆ ಉಬ್ಬಸ, ತಂದೆಗೆ ಹೃದಯದ ತೊಂದರೆ ಇರುವ ಮನೆಯವರು ನಡುರಾತ್ರಿಯ ಬಗ್ಗೆ ಯೋಚಿಸಬೇಕು. ದ್ವೀಪದಲ್ಲಿ ವೈದ್ಯರಿದ್ದಾರೆಯೇ? ಹತ್ತಿರದ ಆಸ್ಪತ್ರೆಗೆ ದೋಣಿಯಲ್ಲಿ ಎಷ್ಟು ಹೊತ್ತು? ವಿಮಾನ ರಾತ್ರಿ ಹಾರದು ಎಂಬುದನ್ನು ಆಗ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಇಂಥವರಿಗೆ ಮಾಲೆಗೆ ಹತ್ತಿರದ ದ್ವೀಪವೇ ಲೇಸು. ಚಿತ್ರದಲ್ಲಿ ಅದು ಒಂದು ಕೈ ಕಡಿಮೆ ಕಂಡರೂ ಸರಿಯೇ.

ಹಿನ್ನೀರೋ ಹವಳವೋ?

ಕೆಲವು ದ್ವೀಪಗಳ ಸುತ್ತ ಸೊಂಟದುದ್ದದ ತಿಳಿನೀರು ದೂರದವರೆಗೆ ಹರಡಿರುತ್ತದೆ. ಅಲ್ಲಿ ಮಕ್ಕಳು ಆಡಬಹುದು. ಆದರೆ ನೋಡಲು ಮೀನು, ಹವಳ ಕಡಿಮೆ. ಇನ್ನು ಕೆಲವು ಕಡೆ ದಂಡೆಯಿಂದ ಇಪ್ಪತ್ತು ಮೂವತ್ತು ಮೀಟರು ಈಜಿದರೆ ಹವಳದ ದಿಬ್ಬ. ಮೂತಿಗೆ ಗಾಜಿನ ಮುಖವಾಡ ಹಾಕಿ ತಲೆ ಬಗ್ಗಿಸಿದರೆ ಸಾಕು, ಬೇರೆಯೇ ಲೋಕ. ಆದರೆ ದಿಬ್ಬದ ಅಂಚಿನಾಚೆ ಸಮುದ್ರ ಒಮ್ಮೆಲೇ ಆಳಕ್ಕಿಳಿಯುತ್ತದೆ, ಸೆಳೆತವೂ ಇರುತ್ತದೆ. ಪ್ರತಿ ವರ್ಷ ಪ್ರವಾಸಿಗರು ಅಲ್ಲಿ ನೀರುಪಾಲಾಗುತ್ತಾರೆ. ಈಜು ಬಾರದವರಿದ್ದರೆ ಮೊದಲ ಬಗೆಯ ದ್ವೀಪ, ಈಜು ಬಲ್ಲ ಕಾಲೇಜು ಮಕ್ಕಳಿದ್ದರೆ ಎರಡನೆಯದು. ನೀರಿನ ಮೇಲಿನ ಕೋಣೆಗಳಲ್ಲಿ ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಕಡಲು. ಹಲವು ಹೋಟೆಲುಗಳು ಚಿಕ್ಕ ಮಕ್ಕಳಿರುವವರಿಗೆ ಆ ಕೋಣೆಗಳನ್ನು ಕೊಡುವುದೇ ಇಲ್ಲ. ಕೊಟ್ಟರೂ ಬೇಡವೆನ್ನುವುದು ಜಾಣತನ.

ಹವಳದ ಸ್ಥಿತಿಯನ್ನೂ ವಿಚಾರಿಸಬೇಕು. 1998ರಲ್ಲಿ, ಮತ್ತೆ 2016ರಲ್ಲಿ ಕಡಲು ಬಿಸಿಯಾಗಿ ಇಲ್ಲಿನ ಹವಳ ಬೆಳ್ಳಗೆ ಬಿಳಿಚಿಕೊಂಡಿತು, ಬಹಳಷ್ಟು ಸತ್ತುಹೋಯಿತು. ಕೆಲವೆಡೆ ಚೇತರಿಸಿದೆ, ಎಲ್ಲೆಡೆ ಅಲ್ಲ. 'ನಿಮ್ಮ ದ್ವೀಪದ ಹವಳ ಜೀವಂತವಾಗಿದೆಯೇ?' ಎಂದು ಕೇಳಿದರೆ ಉತ್ತರ ಹೇಳುವ ಧಾಟಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಕಾಲದ ಲೆಕ್ಕ ನಮಗೆ ಪರಿಚಿತವೇ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ, ದುಬಾರಿ ಬೆಲೆ. ಮೇ ತಿಂಗಳಲ್ಲಿ ಮಳೆಗಾಲ ಶುರು. ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್ ಮುಗಿಯುವ ಮೊದಲೇ ಹೋಗುವುದು ಒಳ್ಳೆಯದು. ಮಳೆಗಾಲಕ್ಕೂ ಒಂದು ಬೆರಗಿದೆ. 2011ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶವಾದ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಮಾರುತದ ಜೊತೆ ಸೂಕ್ಷ್ಮಜೀವಿಗಳ ರಾಶಿ ಬರುತ್ತದೆ. ಅದನ್ನು ತಿನ್ನಲು ದೈತ್ಯ ಮಾಂಟಾ ತೊರಕೆ ಮೀನುಗಳು ಹಿಂಡುಗಟ್ಟಿ ಸುತ್ತುತ್ತವೆ.

ಎರಡು ಪ್ಲಸ್ ಚಿಹ್ನೆಗಳು

ಬೆಲೆಯ ಮುಂದೆ '++' ಎಂದು ಚಿಕ್ಕದಾಗಿ ಬರೆದಿರುವುದುಂಟು. ಒಂದು ಪ್ಲಸ್ ಸೇವಾ ಶುಲ್ಕ, ನೂರಕ್ಕೆ 10. ಇನ್ನೊಂದು ಪ್ರವಾಸಿ ತೆರಿಗೆ. 2025ರ ಜುಲೈಯಿಂದ ನೂರಕ್ಕೆ 17. ಸೇವಾ ಶುಲ್ಕದ ಮೇಲೂ ತೆರಿಗೆ ಬೀಳುತ್ತದೆ. ಅಂದರೆ 500 ಡಾಲರಿನ ಕೋಣೆ ಮೊದಲು 550, ಆಮೇಲೆ 643 ಡಾಲರ್ 50 ಸೆಂಟ್. ಇದಲ್ಲದೆ 2025ರ ಜನವರಿಯಿಂದ ರಿಸಾರ್ಟುಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ. ನಾಲ್ವರ ಸಂಸಾರ ನಾಲ್ಕು ರಾತ್ರಿ ಉಳಿದರೆ 192 ಡಾಲರ್. ಈ ಲೆಕ್ಕವನ್ನು ಮಕ್ಕಳ ಕೈಲೇ ಮಾಡಿಸಿ. ಶೇಕಡಾವಾರು ಪಾಠ ಜನ್ಮದಲ್ಲಿ ಮರೆಯದು.

ಊಟದ ಲೆಕ್ಕವೂ ಮೊದಲೇ ಆಗಬೇಕು. ಮೀನು, ತೆಂಗಿನಕಾಯಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಹೊರದೇಶದಿಂದ ಬರಬೇಕು. ಬೆಳಗಿನ ತಿಂಡಿ ಮಾತ್ರ ಸೇರಿದ ಕೋಣೆ ಅಗ್ಗವೆಂದು ಹೋದರೆ, ಮಧ್ಯಾಹ್ನ ರಾತ್ರಿಯ ಊಟಕ್ಕೆ ಕೇಳಿದಷ್ಟು ಕೊಡಬೇಕಾಗುತ್ತದೆ. ಬೇರೆ ಅಂಗಡಿ ಇಲ್ಲವಲ್ಲ! ಸಸ್ಯಾಹಾರಿಗಳು ಆ ಮಾತನ್ನು ಮೊದಲೇ ಬರೆದು ತಿಳಿಸಿ ಉತ್ತರ ಪಡೆಯಬೇಕು. ಇನ್ನೊಂದು ಸೂಚನೆ: ಪೂಜೆಯ ವಿಗ್ರಹಗಳನ್ನು, ಮದ್ಯವನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿನ ಪುಟ್ಟ ಗಣಪತಿ ಮನೆಯಲ್ಲೇ ಇರಲಿ.

ನಲ್ಲಿಯ ನೀರು ಎಲ್ಲಿಯದು?

ನದಿಯಿಲ್ಲ, ಕೆರೆಯಿಲ್ಲ. ಸುತ್ತ ನೀರಿದ್ದೂ ಕುಡಿಯಲು ಇಲ್ಲದ ಊರು. ಹೋಟೆಲಿನ ಸ್ನಾನದ ಮನೆಗೂ ಕೋಣೆಯ ಪಕ್ಕದ ಈಜುಕೊಳಕ್ಕೂ ಬರುವ ನೀರು ಕಡಲ ಉಪ್ಪನ್ನು ಯಂತ್ರದಲ್ಲಿ ತೆಗೆದದ್ದು. ಆ ಯಂತ್ರ ಓಡುವುದು ಬಹುತೇಕ ಡೀಸೆಲ್ಲಿನ ವಿದ್ಯುತ್ತಿನಿಂದ. 2014ರ ಡಿಸೆಂಬರಿನಲ್ಲಿ ಮಾಲೆಯ ಇಂಥ ಘಟಕಕ್ಕೆ ಬೆಂಕಿ ಬಿದ್ದಾಗ ರಾಜಧಾನಿಯ ಒಂದು ಲಕ್ಷದಷ್ಟು ಜನರಿಗೆ ಕುಡಿಯುವ ನೀರಿಲ್ಲದಾಯಿತು. ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳಿಸಿತು.

ಕಸದ ಕತೆಯೂ ಹೀಗೆಯೇ. ಮಾಲೆಗೆ ಸಮೀಪದ ತಿಲಫುಶಿ ಎಂಬ ದ್ವೀಪ ನಿಸರ್ಗ ಕೊಟ್ಟದ್ದಲ್ಲ. 1990ರ ದಶಕದಿಂದ ಕಸ ಸುರಿದು ಸುರಿದು ಎದ್ದದ್ದು. ಹೀಗಾಗಿ ಹೋಟೆಲನ್ನು ಆರಿಸುವಾಗ ಕಸವನ್ನು ಏನು ಮಾಡುತ್ತಾರೆ, ಸೂರ್ಯನ ಬೆಳಕಿನಿಂದ ವಿದ್ಯುತ್ತು ಮಾಡುತ್ತಾರೆಯೇ, ಕುಡಿಯುವ ನೀರನ್ನು ಗಾಜಿನ ಬಾಟಲಿಯಲ್ಲಿ ತಾವೇ ತುಂಬುತ್ತಾರೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಅಲ್ಲಿನ ನಿಜವಾದ ಐಷಾರಾಮ ಅಮೃತಶಿಲೆಯ ನೆಲವಲ್ಲ. ಒಂದು ಲೋಟ ಸಿಹಿನೀರು.

2009ರ ಅಕ್ಟೋಬರಿನಲ್ಲಿ ಆಗಿನ ಅಧ್ಯಕ್ಷ ಮೊಹಮದ್ ನಶೀದ್ ತಮ್ಮ ಮಂತ್ರಿಗಳೊಂದಿಗೆ ಮುಖವಾಡ ತೊಟ್ಟು ನೀರಿನಡಿಯಲ್ಲೇ ಸಂಪುಟ ಸಭೆ ನಡೆಸಿದರು. ಕಡಲು ಏರಿದರೆ ತಮ್ಮ ದೇಶ ಎಲ್ಲಿರುತ್ತದೆ ಎಂದು ಜಗತ್ತಿಗೆ ತೋರಿಸುವುದು ಉದ್ದೇಶ. ನಮ್ಮ ಮಕ್ಕಳು ನೋಡಲು ಹೋಗುತ್ತಿರುವುದು ಅಂಥ ಆತಂಕದ ನೆಲವನ್ನು.

ಊರಿನ ಮನೆಯಲ್ಲಿ ಎರಡು ರಾತ್ರಿ

1972ರಲ್ಲಿ ಮೊದಲ ರಿಸಾರ್ಟು ತೆರೆದಾಗ ಅದಕ್ಕೆ 'ಕುರುಂಬಾ' ಎಂದು ಹೆಸರಿಟ್ಟರು. ಧಿವೇಹಿಯಲ್ಲಿ ಎಳನೀರು ಎಂದರ್ಥ. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು, ಮೂವತ್ತು ಕೋಣೆ. ಸುಮಾರು 5 ಲಕ್ಷ ಜನರ ಆ ದೇಶಕ್ಕೆ 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅನೇಕರು ಅಲ್ಲಿನ ಒಂದು ಶಾಲೆಯನ್ನಾಗಲಿ, ಮೀನು ಒಣಗಿಸುವ ಅಂಗಳವನ್ನಾಗಲಿ ನೋಡದೆ ವಾಪಸಾಗುತ್ತಾರೆ. ರಿಸಾರ್ಟಿನ ದ್ವೀಪದಲ್ಲಿ ಊರಿಲ್ಲ, ಊರಿನವರಿಲ್ಲ; ಇರುವವರು ಅತಿಥಿಗಳು ಮತ್ತು ನೌಕರರು.

2010ರ ಸುಮಾರಿನಿಂದ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳು ಬಂದಿವೆ. ಮಾಫುಶಿ ಇವುಗಳಲ್ಲಿ ಹೆಸರಾದದ್ದು. ಬಾಡಿಗೆ ರಿಸಾರ್ಟಿನ ಕಾಲುಭಾಗಕ್ಕೂ ಕಡಿಮೆ ಇರಬಹುದು. ಸಣ್ಣ ಅತಿಥಿಗೃಹಗಳಲ್ಲಿ ಹಸಿರು ತೆರಿಗೆಯೂ ಅರ್ಧ. ಮೈ ಮುಚ್ಚುವ ಉಡುಪು ತೊಡಬೇಕು. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಗೆ ಅಂಗಡಿಗಳು ಮುಚ್ಚುತ್ತವೆ. ಬೆಳಗ್ಗೆ ಮೀನು, ತೆಂಗಿನ ತುರಿ, ಈರುಳ್ಳಿ ಕಲಸಿದ 'ಮಸ್ ಹುನಿ'ಯನ್ನು 'ರೋಶಿ'ಯೊಂದಿಗೆ ತಿನ್ನುವ ಮನೆಗಳು. ರೋಶಿ ಎಂದರೆ ನಮ್ಮ ರೊಟ್ಟಿಯ ನೆಂಟನೇ. ಸಂಜೆ ಸಮವಸ್ತ್ರ ಬಿಚ್ಚಿಟ್ಟು ಬೀದಿಗೆ ಬರುವ ಮಕ್ಕಳೊಡನೆ ನಮ್ಮ ಮಕ್ಕಳು ಚೆಂಡಾಟ ಆಡಿದರೆ ಅದಕ್ಕೆ ಬೆಲೆ ಕಟ್ಟಲಾದೀತೆ?

ಆದ್ದರಿಂದ ನಾಲ್ಕು ರಾತ್ರಿಯ ಯೋಜನೆ ಹಾಕಿದವರು ಎರಡನ್ನು ಇಂಥ ಊರಿನಲ್ಲಿ, ಎರಡನ್ನು ರಿಸಾರ್ಟಿನಲ್ಲಿ ಕಳೆಯಬಹುದು. ಉಳಿದ ಹಣದಲ್ಲಿ, ಚಿತ್ರದಲ್ಲಿ ಚೆಂದ ಕಂಡದ್ದರ ಬದಲು ವೈದ್ಯರಿರುವ, ಜೀವಂತ ಹವಳವಿರುವ, ಕಸವನ್ನು ಕಡಲಿಗೆ ಎಸೆಯದ ದ್ವೀಪವನ್ನು ಆರಿಸಿಕೊಳ್ಳಬಹುದು.

ದಂಡೆಯಲ್ಲಿ ನಡೆಯುವಾಗ ಮಗುವಿನ ಕಾಲಿಗೆ ಕವಡೆಯೊಂದು ಸಿಕ್ಕಲೂಬಹುದು. ಚಿಪ್ಪು, ಹವಳ, ಮರಳನ್ನು ಅಲ್ಲಿಂದ ತರುವುದು ಕಾನೂನಿಗೆ ವಿರುದ್ಧ. ಅಂಗೈಯಲ್ಲಿಟ್ಟು ನೋಡಿ, ಮತ್ತೆ ನೀರಿನ ಅಂಚಿಗೇ ಬಿಟ್ಟು ಬರಲಿ. ಚೌಕಾಬಾರಕ್ಕೆ ಮನೆಯಲ್ಲಿ ಅಜ್ಜಿಯ ಕಾಲದ ಕವಡೆಗಳು ಇದ್ದೇ ಇವೆ.