34 ಇಂಚಿನ ಕಟ್ಟೆ, ಅಮ್ಮನ ಮುದ್ದೆ

ಪುಣೆಯ ನಮ್ಮ ಫ್ಲಾಟಿನಲ್ಲಿ ಅಡುಗೆಕಟ್ಟೆಯ ಎತ್ತರ 34 ಇಂಚು. ನನ್ನ ಅಮ್ಮನ ಎತ್ತರ 4 ಅಡಿ 10 ಇಂಚು. ಅಮ್ಮ ನಮ್ಮಲ್ಲಿಗೆ ಬಂದ ಮೇಲೆ ಏಳು ತಿಂಗಳು ನಮ್ಮ ಮನೆಯಲ್ಲಿ ಅವಳ ಕೈಯ ಮುದ್ದೆ ಆಗಲಿಲ್ಲ. ಅದಕ್ಕೆ ನೆಂಟರಿಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅಪ್ಪ ಹೋದ ದುಃಖ ಅಂದರು, ವಯಸ್ಸು ಅಂದರು, ಪುಣೆ ನೀರು ಒಗ್ಗಲಿಲ್ಲ ಅಂದರು. ಅಮ್ಮನನ್ನು ಕೇಳಿದರೆ, "ಯಾಕೋ ಬೇಡ ಅನ್ನಿಸ್ತದೆ ಬಿಡು ಮಗ" ಎನ್ನುತ್ತಿದ್ದಳು.

ನಮ್ಮದು ಹಾಸನದ ಕಡೆಯ ಊರು. ಅಲ್ಲಿ ಮುದ್ದೆಗೆ 'ಹಿಟ್ಟು' ಅಂತಲೇ ಹೆಸರು. ಊಟ ಆಯಿತೇ ಎಂದು ಕೇಳುವಾಗಲೂ "ಹಿಟ್ಟುಂಡ್ಯಾ?" ಎನ್ನುತ್ತಾರೆ. ಅರವತ್ತೆಂಟು ವರ್ಷ ದಿನಕ್ಕೆರಡು ಹೊತ್ತು ಹಿಟ್ಟುಂಡ ಜೀವ ಅದು. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಬರುವಾಗ ಅಮ್ಮ ಎರಡು ಸೀರೆ ಕಡಿಮೆ ತಂದಳೇ ಹೊರತು ಮುದ್ದೆ ಕೋಲನ್ನು ಬಿಟ್ಟು ಬರಲಿಲ್ಲ. ಆ ಕೋಲು ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒರಗಿಕೊಂಡಿತ್ತು. ಅಮ್ಮನೂ ಹೆಚ್ಚುಕಮ್ಮಿ ಹಾಗೇ ಇದ್ದಳು. ನಾನು ಆಫೀಸಿನ ಕಾಲ್ ಮುಗಿಸಿ ಅಡುಗೆಮನೆಗೆ ಬಂದರೆ ಬಾಗಿಲಲ್ಲಿ ನಿಂತು, "ಏನಾದ್ರೂ ಹೆಚ್ಚಿಕೊಡ್ಲಾ?" ಎಂದು ಕೇಳುವಳು. ನಾನೊಬ್ಬಳೇ ಮಗಳು. ಆದರೂ ಮದುವೆಯಾದ ಮಗಳ ಮನೆ ಅವಳ ಲೆಕ್ಕದಲ್ಲಿ ಬೇರೆಯವರ ಮನೆ. "ಎಷ್ಟು ದಿನ ಅಂತ ಅಳಿಯಂದ್ರ ಮನೇಲಿ ಕೂತು ಉಣ್ಣದು?" ಎಂಬ ಮಾತು ವಾರಕ್ಕೊಂದು ಸಲ ಬರುತ್ತಿತ್ತು. ಇದು ನಿನ್ನ ಮನೆಯೇ ಅಮ್ಮ ಎಂದು ನಾನೂ ನನ್ನ ಗಂಡನೂ ಎಷ್ಟು ಸಲ ಹೇಳಿದರೂ ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಒಂದು ಭಾನುವಾರ ನಮ್ಮ ಒತ್ತಾಯಕ್ಕೆ ಕೊನೆಗೂ ಎಸರಿಟ್ಟಳು. ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಹಿಟ್ಟು ಬೆಂದು, ಕೋಲು ಹಾಕಿ ತಿರುವುವ ಹೊತ್ತಿಗೆ ಅಮ್ಮ ತುದಿಗಾಲಲ್ಲಿ ನಿಂತಿದ್ದಳು. ಮೊಣಕೈ ಕಿವಿಯ ಹತ್ತಿರ ಹೋಗಿತ್ತು. ನಾಲ್ಕು ಸುತ್ತು ತಿರುವಿ, ಉಸಿರು ಬಿಟ್ಟು, ಕೋಲನ್ನು ನನ್ನ ಕೈಗೆ ಕೊಟ್ಟಳು. ಮಧ್ಯಾಹ್ನ ನಾನು ಟೇಪು ತಂದು ಅಳೆದೆ. ಕಟ್ಟೆ 34 ಇಂಚು. ಅದರ ಮೇಲೆ ಗ್ಯಾಸ್ ಒಲೆ 5 ಇಂಚು. ಅದರ ಮೇಲೆ ಪಾತ್ರೆ 7 ಇಂಚು. ಪಾತ್ರೆಯ ಬಾಯಿ ನೆಲದಿಂದ 46 ಇಂಚು ಮೇಲೆ, ಅಂದರೆ ಅಮ್ಮನ ಭುಜಕ್ಕೆ ಸಮ.

ಬೇರೆ ಅಡುಗೆಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಸಾರಿಗೆ ಒಗ್ಗರಣೆ ಹಾಕಲು, ಪಲ್ಯ ಕೈಯಾಡಿಸಲು ಹೇಗೋ ನಡೆಯುತ್ತದೆ. ಮುದ್ದೆಯ ಕತೆ ಬೇರೆ. ಗೋಧಿ ಹಿಟ್ಟನ್ನು ನಾದಿದರೆ ಅದರಲ್ಲಿರುವ ಗ್ಲುಟೆನ್ ಎಳೆಎಳೆಯಾಗಿ ಹಿಡಿದುಕೊಳ್ಳುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಬಿಸಿ ನೀರಿನಲ್ಲಿ ಅದರ ಪಿಷ್ಟ ಉಬ್ಬಿ ಅಂಟಾಗುವುದರಿಂದಲೇ ಮುದ್ದೆ ನಿಲ್ಲುತ್ತದೆ. ಅಮ್ಮನ ಕ್ರಮ ಹೀಗೆ: ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರು ಕಾಯುವಾಗಲೇ ಒಂದು ಚಮಚ ಹಿಟ್ಟು ಕದಡಿ, ಅಂಬಲಿಯಂತೆ ಕುದಿ ಬರಿಸಬೇಕು. ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಬೇಕು. ಆಮೇಲಿನದೇ ಮುಖ್ಯ ಕೆಲಸ. ಬಿಸಿ ಆರುವ ಮೊದಲೇ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಒಂದೊಂದು ಗಂಟನ್ನೂ ಒಡೆದು ತೊಳಸಬೇಕು. ಇದಕ್ಕೆ ಕೈಯ ಬಲ ಸಾಲದು, ಮೈಯ ಭಾರ ಬೇಕು. ಊರಲ್ಲಿ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಮೇಲಿನಿಂದ ಬಗ್ಗಿ ತಿರುವುತ್ತಿದ್ದರು. ಭಾರ ತಾನಾಗಿ ಕೋಲಿಗೆ ಇಳಿಯುತ್ತಿತ್ತು. ಭುಜದ ಎತ್ತರದಲ್ಲಿರುವ ಪಾತ್ರೆಗೆ ಯಾವ ಭಾರವೂ ಇಳಿಯುವುದಿಲ್ಲ.

ನಾವು ಮಾಡ್ಯುಲರ್ ಕಿಚನ್ ಎಂದು ಕರೆಯುವ ನಿಂತು ಮಾಡುವ ಅಡುಗೆಮನೆಯ ಹಿರಿಯಜ್ಜಿ 1926ರ ಫ್ರಾಂಕ್‌ಫರ್ಟ್ ಕಿಚನ್. ಮಾರ್ಗರೆಟೆ ಶ್ಯುಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಕಾರ್ಮಿಕರ ಸಣ್ಣ ಮನೆಗಳಿಗಾಗಿ ಅದನ್ನು ರೂಪಿಸಿದಳು. ಹೆಂಗಸರ ಹೆಜ್ಜೆಗಳನ್ನು ಎಣಿಸಿ, ಸಮಯ ಉಳಿಸಲು ಮಾಡಿದ ವಿನ್ಯಾಸ. ಅದರ ಬಗ್ಗೆ ಓದುವಾಗ ನನಗೆ ಹಿಡಿಸಿದ್ದು ಒಂದು ಸ್ಟೂಲು. ಕೂತು ಕೆಲಸ ಮಾಡಲೆಂದು ಆಕೆ ಆ ಅಡುಗೆಮನೆಯಲ್ಲಿ ಒಂದು ತಿರುಗುವ ಸ್ಟೂಲನ್ನೂ ಇಟ್ಟಿದ್ದಳು. ಕಟ್ಟೆ, ಕಪಾಟು, ಸಿಂಕು ಎಲ್ಲ ನಮ್ಮ ಫ್ಲಾಟುಗಳವರೆಗೂ ಬಂದವು, ಸ್ಟೂಲು ಮಾತ್ರ ಬರಲಿಲ್ಲ.

ಅಮ್ಮನಿಗೆ ಏನು ಮಾಡಬಹುದು ಎಂದು ನಾವಿಬ್ಬರೂ ಕೂತು ಯೋಚಿಸಿದೆವು. ಕಾಲಡಿಗೆ ಒಂದು ಮಣೆ ಇಡುವುದು ಎಲ್ಲಕ್ಕಿಂತ ಸುಲಭ. ಆದರೆ ಮಂಡಿನೋವಿನವರು ಬಿಸಿ ಪಾತ್ರೆಯ ಮುಂದೆ ಮಣೆಯಿಂದ ಜಾರಿದರೆ ಗತಿಯೇನು? ಒಲೆಯನ್ನೇ ಕೆಳಗಿಡೋಣವೆಂದರೆ, ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಇಂಡಕ್ಷನ್ ಒಲೆಯನ್ನು ತಗ್ಗಿನಲ್ಲಿಡಬಹುದಿತ್ತು. ಆದರೆ ಅಮ್ಮನ ಅಲ್ಯೂಮಿನಿಯಂ ಪಾತ್ರೆ ಅದರಲ್ಲಿ ಕಾಯುವುದಿಲ್ಲ. ಕಾದರೂ ಆ ಗಾಜಿನ ಮೇಲೆ ಮುದ್ದೆ ತೊಳಸುವ ಧೈರ್ಯ ಯಾರಿಗಿದೆ! ಕೊನೆಗೆ ಉಳಿದದ್ದು ಊರಿನ ದಾರಿಯೇ. ಬೇಯಿಸುವುದು ಕಟ್ಟೆಯ ಮೇಲೆ, ತೊಳಸುವುದು ಕೆಳಗೆ. ಅಮ್ಮನಿಗೆ ನೆಲದಲ್ಲಿ ಕೂರಲು ಆಗದ್ದರಿಂದ ನೆಲವನ್ನೇ ಸ್ವಲ್ಪ ಮೇಲಕ್ಕೆತ್ತಬೇಕು, ಅಷ್ಟೆ.

ಮೊದಲು ಹಳೆಯ ರಟ್ಟಿನ ಪೆಟ್ಟಿಗೆಗಳಲ್ಲಿ ಪರೀಕ್ಷೆ ನಡೆಯಿತು. 16 ಇಂಚಿನ ಸ್ಟೂಲಿನ ಮೇಲೆ ಅಮ್ಮನನ್ನು ಕೂರಿಸಿ, ಮುಂದೆ 7, 9, 11 ಇಂಚಿನ ಪೆಟ್ಟಿಗೆಗಳನ್ನು ಒಂದಾದ ಮೇಲೊಂದು ಇಟ್ಟು, ಮೇಲೆ ಖಾಲಿ ಪಾತ್ರೆ ಇಟ್ಟು, ಕೈಗೆ ಕೋಲು ಕೊಟ್ಟೆವು. "ಇದೆಲ್ಲ ಯಾಕ್ ಮಗ, ಅನ್ನ ಉಂಡ್ರಾಯ್ತು" ಎನ್ನುತ್ತಲೇ ಕೂತಳು. 11 ಇಂಚಿಗೆ ತಲೆಯಾಡಿಸಿ ಬೇಡವೆಂದಳು. 7 ಇಂಚಿಗೆ ಸೊಂಟ ಹಿಡಿಯುತ್ತದೆ ಎಂದಳು. 9 ಇಂಚಿಗೆ ಮಾತೇ ಆಡದೆ ಎರಡು ಸುತ್ತು ತಿರುವಿದಳು. ಪಾತ್ರೆಯೂ ಅವಳ ಜೊತೆ ತಿರುಗಿತು. ಆಗ ಶುರುವಾಯಿತು ಅಮ್ಮನ ಇಂಜಿನಿಯರಿಂಗ್. "ಪಾತ್ರೆ ಕಿವಿಗೆ ಅಡ್ಡ ಏನಾರ ಕೊಡು. ಕವೆಗೋಲು ಇರಾದೇ ಅದುಕ್ಕೆ ಅಲ್ವಾ? ಮತ್ತೆ ಕಾಲಲ್ಲಿ ಒತ್ತಿ ಹಿಡಿಯಕ್ಕೆ ಜಾಗ ಬೇಡ್ವಾ?" ನಾನು ಬರೆದಿದ್ದ ಚಿತ್ರದ ಮೇಲೆ ಅವಳು ಬೆರಳಿಟ್ಟು ತಿದ್ದಿದಳು. ಪುಣೆಗೆ ಬಂದ ಮೇಲೆ ಅವಳು ನನಗೆ ಏನನ್ನಾದರೂ ಹೀಗೆ ಮಾಡು ಎಂದು ಹೇಳಿದ್ದು ಅದೇ ಮೊದಲು.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ 18 ಮಿಲಿಮೀಟರ್ ಪ್ಲೈವುಡ್ಡಿನ ಉಳಿದ ತುಂಡುಗಳು ಸಿಕ್ಕವು. ಅಡುಗೆಮನೆಗೆ ತೆಗೆದುಕೊಳ್ಳುವವರು ಹಲಗೆಯ ಮೇಲೆ ಐಎಸ್ 710 ಎಂಬ ಗುರುತು ನೋಡಿ ತೆಗೆದುಕೊಳ್ಳಿ. ಅದು ನೀರಿಗೆ ಬಿಚ್ಚಿಕೊಳ್ಳದ ದರ್ಜೆ. ಅಂಗಡಿಯವರೇ ಅಳತೆಗೆ ಕೊಯ್ದು ಕೊಟ್ಟರು. ದುಂಡನೆಯ ತೂತನ್ನು ಮಾತ್ರ ಮನೆಯ ಬಾಲ್ಕನಿಯಲ್ಲಿ ಬಾಡಿಗೆ ಜಿಗ್‌ಸಾದಿಂದ ನಾನೇ ಕೊಯ್ದೆ.

ರಚನೆ ಸರಳ. ಕೆಳಗೆ 24 ಇಂಚು ಅಗಲದ ಅಡಿಹಲಗೆ. ಅದರ ಎರಡು ತುದಿಗಳೂ ಹೊರಗೆ ಚಾಚಿಕೊಂಡಿವೆ, ಅಮ್ಮ ಎರಡು ಪಾದಗಳನ್ನೂ ಅವುಗಳ ಮೇಲಿಟ್ಟು ಒತ್ತಿ ಹಿಡಿಯುತ್ತಾಳೆ. ನಡುವೆ 9 ಇಂಚು ಎತ್ತರದಲ್ಲಿ ಪಾತ್ರೆ ಕೂರುವ ಹಲಗೆ. ಅದರಿಂದ 4 ಇಂಚು ಮೇಲೆ ದುಂಡು ತೂತಿನ ಇನ್ನೊಂದು ಹಲಗೆ, ಪಾತ್ರೆ ಅತ್ತಿತ್ತ ಸರಿಯದಂತೆ. ತೂತಿನ ಎರಡು ಪಕ್ಕಗಳಲ್ಲಿ ಗಟ್ಟಿ ಮರದ ಗೂಟಗಳು. ತೊಳಸುವಾಗ ಪಾತ್ರೆಯ ಕಿವಿಗಳು ಈ ಗೂಟಗಳಿಗೆ ತಾಗಿ ನಿಲ್ಲುತ್ತವೆ, ಪಾತ್ರೆ ತಿರುಗುವುದಿಲ್ಲ. ಪಾತ್ರೆ ತಾಗುವ ಜಾಗಕ್ಕೆ ವಾರ್ನಿಷ್ ಹಚ್ಚಲಿಲ್ಲ, ಬಿಸಿಗೆ ಅದು ಮೆತ್ತಗಾಗುತ್ತದೆ. ಅಲ್ಲಿಗೆ ಅಮ್ಮ ತನ್ನ ಹಳೆಯ ಹತ್ತಿ ಸೀರೆಯನ್ನು ಹರಿದು, ಸುತ್ತಿ, ಒಂದು ಸಿಂಬಿ ಮಾಡಿಕೊಟ್ಟಳು. ಮೊಳೆ ಹೊಡೆಯದೆ ಎಲ್ಲ ಕಡೆ ಅಂಟು ಮತ್ತು ಸ್ಕ್ರೂ ಹಾಕಿದ್ದೇವೆ. ಬಾಡಿಗೆ ಸೇರಿ ಒಟ್ಟು ಖರ್ಚು 1,150 ರೂಪಾಯಿ, ಎರಡು ಶನಿವಾರ.

ಮೊದಲ ದಿನ ಸಬ್ಬಸಿಗೆ ಸೊಪ್ಪು, ಹೆಸರುಕಾಳಿನ ಬಸ್ಸಾರು. ಇಲ್ಲಿ ಸಬ್ಬಸಿಗೆಗೆ 'ಶೇಪು' ಎನ್ನುತ್ತಾರೆ, ದಂಟಿನ ಸೊಪ್ಪಿಗೆ 'ಮಾಠ'. ಎರಡೂ ಮಂಡಿಯಲ್ಲಿ ಧಾರಾಳ. ಬೆಂದ ಕಾಳು ಸೊಪ್ಪಿನಿಂದ ಕಟ್ಟು ಬಸಿದು, ಅದಕ್ಕೆ ಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಜೊತೆಗೆ ಒಂದು ಹಿಡಿ ಬೆಂದ ಕಾಳನ್ನೂ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸಿ ಸ್ಟ್ಯಾಂಡಿನಲ್ಲಿ ಕೂರಿಸಿದ್ದು ನನ್ನ ಗಂಡ. ಅಮ್ಮ ಸೆರಗು ಸಿಕ್ಕಿಸಿ, ಪಾದ ಒತ್ತಿ, ಮುಂದಕ್ಕೆ ಬಾಗಿದಳು. ಮೂರೇ ನಿಮಿಷ. ಕೈ ಒದ್ದೆ ಮಾಡಿಕೊಂಡು ಮಣೆಯ ಮೇಲೆ ಮುದ್ದೆ ಕಟ್ಟಿದಳು. ಒಂದನ್ನು ಮುರಿದು ನೋಡಿ, "ಗಂಟಿಲ್ಲ" ಎಂದಳು. ಊಟಕ್ಕೆ ಕೂತಾಗ ಅಪ್ಪನ ಮಾತು ತೆಗೆದಳು. ಅಪ್ಪನಿಗೆ ಬಸ್ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಇರಬೇಕಿತ್ತಂತೆ. ನನಗೆ ಗೊತ್ತಿರಲಿಲ್ಲ.

ಈ ಸ್ಟ್ಯಾಂಡಿನಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಪಾತ್ರೆ ಇಳಿಸಿಕೊಡಲು ಇನ್ನೊಬ್ಬರು ಬೇಕು, ಆದ್ದರಿಂದ ನಾವಿಬ್ಬರೂ ಆಫೀಸಿಗೆ ಹೋದ ದಿನ ಮಧ್ಯಾಹ್ನ ಮುದ್ದೆಯಿಲ್ಲ. ಅಳಿಯಂದ್ರ ಮನೆ ಎಂಬ ಮಾತೂ ಪೂರ್ತಿ ನಿಂತಿಲ್ಲ. ಊರಿನ ಮನೆಯ ಬೀಗದ ಕೈ ಈಗಲೂ ಅವಳ ತಲೆದಿಂಬಿನ ಕೆಳಗೇ ಇದೆ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುವುದು ನಿಂತಿದೆ. ಕಳೆದ ತಿಂಗಳು ಹಿಟ್ಟಿನ ಗಿರಣಿಯವನ ಜೊತೆ ಜಗಳವನ್ನೇ ಆಡಿ ಬಂದಳು. ಗೋಧಿ ಬೀಸಿದ ಮೇಲೆ ಕಲ್ಲು ಕೊಡವದೆ ರಾಗಿ ಹಾಕಿದನಂತೆ. ಅಮ್ಮನಿಗೆ ಮರಾಠಿ ಬರದು, ಅವನಿಗೆ ಕನ್ನಡ ಬರದು. ಈಗ ನಮ್ಮ 'ನಾಚಣಿ'ಯನ್ನು ಅವನು ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಬೀಸಿಕೊಡುತ್ತಾನೆ.

ದೀಪಾವಳಿಗೆ ಧಾರವಾಡದಿಂದ ಅತ್ತೆ ಬಂದಿದ್ದರು. ಜೋಳದ ರೊಟ್ಟಿಯವರು. ಸ್ಟ್ಯಾಂಡನ್ನು ಸುತ್ತಲೂ ನೋಡಿ, "ಛಲೋ ಆಗೇತಿ, ನನಗೂ ರೊಟ್ಟಿ ತಟ್ಟಾಕ ಒಂದು ಹಿಂತಾದ್ದು ಬೇಕಲ್ಲವಾ" ಎಂದರು. ರೊಟ್ಟಿ ತಟ್ಟುವುದಕ್ಕೂ ಅಂಗೈಗೆ ಭುಜದ ಭಾರ ಇಳಿಯಬೇಕು, ಅವರೂ ನಮ್ಮ ಕಟ್ಟೆಯ ಮುಂದೆ ತುದಿಗಾಲಲ್ಲೇ ನಿಲ್ಲುವವರು. ಅವರನ್ನೂ ಸ್ಟೂಲಿನ ಮೇಲೆ ಕೂರಿಸಿ ಅಳೆದಿಟ್ಟುಕೊಂಡಿದ್ದೇನೆ. ಅಳೆಯುವಾಗ ಅಮ್ಮ ಪಕ್ಕದಲ್ಲಿ ನಿಂತು ಬೀಗಿತ್ತಿಗೆ ವಿವರಿಸುತ್ತಿದ್ದಳು, ಎಲ್ಲ ತನ್ನದೇ ವಿನ್ಯಾಸ ಎಂಬಂತೆ. ಅರ್ಧ ನಿಜವೇ.

ಹೊರನಾಡಿನ ನಮ್ಮಂಥ ಎಷ್ಟೋ ಮನೆಗಳಿಗೆ ಈಗ ಅಪ್ಪ ಅಮ್ಮಂದಿರು ಬಂದು ಸೇರುತ್ತಿದ್ದಾರೆ. ಅವರಿಗೆ ಕೋಣೆ, ಮಂಚ, ಟಿವಿಗೆ ಕನ್ನಡ ಚಾನೆಲ್ಲು ಎಲ್ಲ ಸಿದ್ಧ ಮಾಡುತ್ತೇವೆ. ಜೊತೆಗೆ ಒಂದು ಸಲ ಟೇಪು ಹಿಡಿದು ಅವರ ಮೊಣಕೈಯ ಎತ್ತರವನ್ನೂ ಅಳೆಯಿರಿ. ಹೆಚ್ಚುವ, ನಾದುವ ಕಟ್ಟೆ ಅದಕ್ಕಿಂತ ನಾಲ್ಕೈದು ಇಂಚು ಕೆಳಗಿದ್ದರೆ ಕೈಗೆ ಹಿತ. ಕಟ್ಟೆಯನ್ನು ಒಡೆದು ಕಟ್ಟಬೇಕಾಗಿಲ್ಲ, ಒಂದು ತಗ್ಗು ಮೇಜು, ಕೂರಲು ಸ್ಟೂಲು ಸಾಕಾಗಬಹುದು. ದಿನಾ ಬೇಕಾಗುವ ಡಬ್ಬಗಳು ಅವರ ಕಣ್ಣಿನ ಮಟ್ಟಕ್ಕಿಂತ ಮೇಲಿರಬಾರದು. ಏನೇ ಮಾಡುವ ಮೊದಲು ರಟ್ಟಿನ ಪೆಟ್ಟಿಗೆಯಲ್ಲಿ ಮಾಡಿ ತೋರಿಸಿ, ಅವರು ತಿದ್ದಲಿ.

ನಮ್ಮ ಮನೆಯಲ್ಲಿ ಮುಂದಿನ ಕೆಲಸಕ್ಕೆ ಅಪ್ಪಣೆಯಾಗಿದೆ. ರಾಗಿ ಡಬ್ಬದ ಶೆಲ್ಫು ಒಂದಡಿ ಕೆಳಗೆ ಬರಬೇಕಂತೆ, ಅದರ ಕೆಳಗೆ ಈಳಿಗೆಮಣೆ ನಿಲ್ಲಿಸಲು ಒಂದು ಗೂಡೂ ಬೇಕಂತೆ. ಹಲಗೆ ಕೊಯ್ಯಿಸಿ ತಂದಿದ್ದೇನೆ. ಈ ಶನಿವಾರ ಕೂರಿಸಬೇಕು.