ಶ್ವಾಸಕೋಶದ ಜ್ವರಕ್ಕೆ ಹೃದಯದ ಸಾಕ್ಷಿ

ಬಂಗಾರಪೇಟೆ ಬಿಟ್ಟ ಮಾರಿಕುಪ್ಪಂ ರೈಲಿನ ಕಿಟಕಿಯಲ್ಲಿ ಸೈನೈಡ್ ದಿಬ್ಬಗಳು ಒಂದರ ಹಿಂದೊಂದು ಮೇಲೇಳುತ್ತವೆ. ಭೂಮಿಯ ಹೊಟ್ಟೆಯಿಂದ ಎತ್ತಿ, ಅರೆದು, ಚಿನ್ನ ಹೀರಿ ಬಿಸಾಡಿದ ಕಲ್ಲಿನ ಪುಡಿ ಅದು. ಕೊನೆಕೊನೆಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. 2001ರ ಫೆಬ್ರುವರಿಯಲ್ಲಿ ಕೋಲಾರದ ಈ ಚಿನ್ನದ ಗಣಿ ಮುಚ್ಚಿತು.

ರಾಬರ್ಟ್‌ಸನ್‌ಪೇಟೆಯ ಚಹಾದಂಗಡಿಯಲ್ಲಿ ಸಿಕ್ಕ ಹಳೆಯ ಗಣಿ ಕಾರ್ಮಿಕರೊಬ್ಬರ ತಮ್ಮ ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿದ್ದರು. "ಕಫ ಕಟ್ಟಿರೋದು ಶ್ವಾಸಕೋಶಕ್ಕೆ. ಡಾಕ್ಟ್ರು ಹಾರ್ಟಿನ ರಕ್ತ ಪರೀಕ್ಷೆ ಬರೆದವ್ರೆ. ಯಾಕೆ ಸಾರ್?" ಎಂದು ಕೇಳಿದರು. ಕಲ್ಲು ಕೊರೆದ ದೂಳು ಎಷ್ಟೋ ಎದೆಗಳನ್ನು ಗಟ್ಟಿಗೊಳಿಸಿದ ಈ ಊರಿನಲ್ಲಿ ಆ ಪ್ರಶ್ನೆಗೆ ತೂಕವಿದೆ.

ಉತ್ತರ ನನ್ನನ್ನೇ ಬೆರಗುಗೊಳಿಸುವಂಥದ್ದು. ಶ್ವಾಸಕೋಶದಲ್ಲಿ ಸೋಂಕು ಹತ್ತಿದಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ನಾಡಿ ಓಡುತ್ತದೆ, ಉರಿಯೂತ ಮೈಯೆಲ್ಲ ಹರಡುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಹೃದಯದ ಗೋಡೆ ಹಿಗ್ಗಿದರೆ ಬಿಎನ್‌ಪಿ ಎಂಬ ಹಾರ್ಮೋನು ಏರುತ್ತದೆ. ಇಂದಿನ ಪರೀಕ್ಷೆ ಟ್ರೋಪೋನಿನ್ನನ್ನು ಲೀಟರಿಗೆ ನ್ಯಾನೋಗ್ರಾಂಗಳಲ್ಲಿ ಅಳೆಯುತ್ತದೆ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು! ಏರಿದ ಮಾತ್ರಕ್ಕೆ ಹೃದಯಾಘಾತವೆಂದಲ್ಲ. ಇಸಿಜಿ ಮತ್ತು ಲಕ್ಷಣಗಳನ್ನು ಕೂಡಿಸಿ ನೋಡಬೇಕು. ಆದರೆ ಏರಿದ್ದವರಲ್ಲಿ ಸಾವು ಹೆಚ್ಚೆಂದು ಅಧ್ಯಯನಗಳು ಮತ್ತೆಮತ್ತೆ ಕಂಡಿವೆ.

ಇಷ್ಟು ಸೂಕ್ಷ್ಮವನ್ನು ಹಿಡಿಯುವ ಸಾಹಸ ಈ ನೆಲಕ್ಕೆ ಹೊಸದಲ್ಲ. 1965ರಲ್ಲಿ ಇಲ್ಲಿನ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಗುರುತು ಪತ್ತೆಹಚ್ಚಿದರು. ಬೇರೆ ಕಿರಣಗಳನ್ನು ಬಂಡೆ ತಡೆಯಿತು, ನ್ಯೂಟ್ರಿನೋ ತೂರಿ ಬಂತು. ಅದೇ 1965ರಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಮತ್ತು ಅಯಾಕೊ ಕೊಡಾಮಾ ಸ್ನಾಯುವಿನಲ್ಲಿ ಕಂಡ ಹೊಸ ಪ್ರೋಟೀನಿನ ವರದಿ ಪ್ರಕಟಿಸಿದರು. ಅದೇ ಟ್ರೋಪೋನಿನ್. ಒಂದೇ ವರ್ಷ, ಎರಡು ಅಗೋಚರಗಳು. ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ನಿಂತು ಇದನ್ನು ನೆನೆದಾಗ ಮೈ ಜುಮ್ಮೆಂದಿತು.

ಇನ್ನು ಆ ಪ್ರಶ್ನೆಗೆ ಮರಳಿದರೆ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯುಮೋನಿಯಾಕ್ಕೆ ದಾಖಲಾದ 1,343 ರೋಗಿಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಹೃದಯದ ತೊಂದರೆ ಕಾಣಿಸಿತ್ತು, ಅರ್ಧಕ್ಕಿಂತ ಹೆಚ್ಚಿನವರಿಗೆ ಮೊದಲ 24 ಗಂಟೆಯೊಳಗೇ. ಅಮೆರಿಕದ ಹಿರಿಯರ ಇನ್ನೊಂದು ಅಧ್ಯಯನ 2015ರಲ್ಲಿ ಬಂತು: ಆಸ್ಪತ್ರೆ ಸೇರಿದ ಮೊದಲ 30 ದಿನಗಳಲ್ಲಿ ಹೃದಯ-ರಕ್ತನಾಳಗಳ ಕಾಯಿಲೆಯ ಅಪಾಯ ಸುಮಾರು ನಾಲ್ಕು ಪಟ್ಟು, ಹತ್ತು ವರ್ಷವಾದರೂ ಪೂರ್ತಿ ಇಳಿದಿರಲಿಲ್ಲ. ಈ ಅಂಕಿಗಳು ಪ್ರತಿ ಡಿಸ್ಚಾರ್ಜ್ ಚೀಟಿಯಲ್ಲೂ ಇರಬೇಕೆಂದು ನನ್ನ ಮನಸ್ಸು ಹೇಳುತ್ತದೆ.

ಇದನ್ನೆಲ್ಲ ಕೇಳಿದ ಆ ಹಳೆಯ ಕಾರ್ಮಿಕರು ಚಹಾ ಮುಗಿಸದೆಯೇ ಎದ್ದರು. "ಹಂಗಾದ್ರೆ ಜ್ವರ ಬಿಟ್ರೂ ಬಿಡಂಗಿಲ್ಲ. ತಮ್ಮನಿಗೆ ತಿಂಗಳು ಬಿಟ್ಟು ಹಾರ್ಟ್ ತೋರಿಸಬೇಕಾ ಅಂತ ಡಾಕ್ಟ್ರನ್ನ ಈಗ್ಲೇ ಕೇಳ್ಕೊಂಡು ಬರ್ತೀನಿ ಸಾರ್."